ಹಳೆಯ ಜಿ ಬ್ಯೂಗಲ್ ಶಾಲೆ ಬ್ಯಾಂಡಿಗೆ ಆಗುತ್ತಾ?

ನಿಮ್ಮ ಪ್ರಶ್ನೆ ಹೀಗಿದೆ ಅಲ್ವಾ: ಮಗಳು ಅಮೆರಿಕದ ಶಾಲೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾಳೆ. ಯಾವುದೋ ಡ್ರಮ್ ಕೋರ್ (ಡ್ರಮ್, ಬ್ಯೂಗಲ್‌ಗಳ ಮೆರವಣಿಗೆ ತಂಡ) ಬಳಸಿದ ಸೊಪ್ರಾನೊ, ಅಂದರೆ ಮೇಲಿನ ಸ್ಥಾಯಿಯ ಬ್ಯೂಗಲ್ ಅಗ್ಗಕ್ಕೆ ಸಿಗುತ್ತಿದೆ. ನೋಡೋಕೆ ಟ್ರಂಪೆಟ್ ಥರಾನೇ ಇದೆ, ಆದರೆ ಜಾಹೀರಾತಿನಲ್ಲಿ ‘ಕೀ ಆಫ್ ಜಿ’ ಅಂತ ಇದೆ. ಕೊಳ್ಳಬಹುದಾ?

ಶಾಲೆ ಬ್ಯಾಂಡಿಗಾದರೆ ಬೇಡ. ನಾನು ಇಲ್ಲಿ ಒಂದು ಹೈಸ್ಕೂಲ್ ಬ್ಯಾಂಡಿನ ವಾದ್ಯಗಳನ್ನು ನೋಡಿಕೊಳ್ಳುವ ಪೋಷಕರಲ್ಲಿ ಒಬ್ಬ. ಇದೇ ಪ್ರಶ್ನೆ ಆಗಾಗ ಬರುತ್ತಿರುತ್ತದೆ.

ಮಗಳ ಟ್ರಂಪೆಟ್ ಬಿ ಫ್ಲ್ಯಾಟ್. ಅವಳು ಕಾಗದದ ಮೇಲೆ ‘ಸಿ’ ನೋಡಿ ಯಾವ ವಾಲ್ವನ್ನೂ ಒತ್ತದೆ ಊದಿದರೆ ಹೊರಗೆ ಕೇಳುವುದು ಬಿ ಫ್ಲ್ಯಾಟ್. ಜಿ ಬ್ಯೂಗಲ್ ಹಿಡಿದು ಅದನ್ನೇ ಮಾಡಿದರೆ ಕೇಳುವುದು ಜಿ. ನಮ್ಮ ಲೆಕ್ಕದಲ್ಲಿ ಒಂದು ಆರೂವರೆ ಮನೆ ಶ್ರುತಿ, ಇನ್ನೊಂದು ಐದು ಮನೆ. ಬೆರಳು ಸರಿ, ಉಸಿರು ಸರಿ, ಆದರೂ ಪಕ್ಕದವರಿಗಿಂತ ಮೂರು ಸೆಮಿಟೋನ್ ಕೆಳಗೆ. ಅದನ್ನು ಸರಿಮಾಡಿಕೊಳ್ಳಲು ‘ಸಿ’ ಕಂಡಲ್ಲೆಲ್ಲ ‘ಇ ಫ್ಲ್ಯಾಟ್’ ಊದಬೇಕು, ಉಳಿದ ಸ್ವರಗಳೂ ಅದೇ ರೀತಿ. ಪಳಗಿದವರು ಮಾಡುತ್ತಾರೆ. ಕಲಿಯುವ ಮಗುವಿಗೆ ಸುಮ್ನೆ ತಲೆನೋವು.

ವಾಲ್ವ್ ಎಷ್ಟಿದೆ ಅನ್ನುವುದನ್ನೂ ಫೋಟೋದಲ್ಲಿ ಎಣಿಸಿ. ಎರಡೇ ಇದ್ದರೆ ಇನ್ನೊಂದು ತೊಂದರೆ. ಒಂದು ವಾಲ್ವ್ ಪೂರ್ತಿ ಟೋನ್ ಇಳಿಸುತ್ತದೆ, ಇನ್ನೊಂದು ಅರ್ಧ. ಎರಡೂ ಒತ್ತಿದರೆ ಮೂರು ಸೆಮಿಟೋನ್, ಅಷ್ಟೇ. ಹಾಗಾಗಿ ಟ್ರಂಪೆಟ್‌ನಲ್ಲಿ ಮೂರನೇ ಬೆರಳು ಬೇಕಾಗುವ ಕೆಳಗಿನ ಡಿ, ಇ ಫ್ಲ್ಯಾಟ್ ಮತ್ತು ನಡುವಿನ ಎ ಫ್ಲ್ಯಾಟ್ ಇದರಲ್ಲಿ ಇಲ್ಲವೇ ಇಲ್ಲ.

ಇಂಥ ವಿಚಿತ್ರ ವಾದ್ಯ ಯಾಕಿದೆ? ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮಾಜಿ ಸೈನಿಕರ ಸಂಘಗಳು, ಮುಖ್ಯವಾಗಿ ಅಮೆರಿಕನ್ ಲೀಜನ್ ಮತ್ತು ವಿಎಫ್‌ಡಬ್ಲ್ಯೂ, ಡ್ರಮ್ ಕೋರ್‌ಗಳನ್ನು ಕಟ್ಟಿದವು. ಅಲ್ಲಿನ ಸೈನ್ಯದ ಬ್ಯೂಗಲ್ ಜಿ ಶ್ರುತಿಯದು, ಇವರೂ ಅದನ್ನೇ ಹಿಡಿದರು. (ಬ್ರಿಟಿಷ್ ಸೈನ್ಯದ್ದು ಬಿ ಫ್ಲ್ಯಾಟ್. ನಮ್ಮ ಸೈನ್ಯಕ್ಕೆ ಬಂದದ್ದೂ ಅದೇ.) ಸ್ಪರ್ಧೆ ಶುರುವಾದ ಮೇಲೆ ಜಿ ಅನ್ನುವುದು ನಿಯಮವೇ ಆಯಿತು. ವಾದ್ಯದಲ್ಲಿ ಏನೇ ಬದಲಿಸಬೇಕಿದ್ದರೂ ನಿಯಮ ಬದಲಾಗಬೇಕು.

ಮೊದಲು ವಾಲ್ವೇ ಇರಲಿಲ್ಲ. ಆಮೇಲೆ ಅಡ್ಡಕ್ಕೆ ಒಂದು ಪಿಸ್ಟನ್ ವಾಲ್ವ್ ಬಂತು. ಒತ್ತಿದರೆ ಜಿ ಬ್ಯೂಗಲ್ ಡಿ ಬ್ಯೂಗಲ್ ಆಗುತ್ತದೆ. ಇದು ನನಗೆ ತುಂಬಾ ಇಷ್ಟವಾದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಿ ಷಡ್ಜ ಅಂದುಕೊಳ್ಳಿ. ಪಿಸ್ಟನ್ ಒತ್ತದೆ ತುಟಿಯಲ್ಲೇ ಸಿಗುವುದು ಸ, ಗ, ಪ. ಒತ್ತಿದರೆ ಪ, ನಿ, ರಿ. ಶ್ರುತಿಗೆ ಸರಿಯಾಗಿ ಕೂರದ ಏಳನೇ ಹಾರ್ಮೋನಿಕ್ (ತುಟಿಯಲ್ಲೇ ಒಂದರ ಮೇಲೊಂದು ಸಿಗುವ ಸ್ವರಗಳಲ್ಲಿ ಏಳನೆಯದು) ಬಿಟ್ಟರೆ ಕೈಯಲ್ಲಿ ಉಳಿಯುವುದು ಸ ರಿ ಗ ಪ ನಿ. ಹಂಸಧ್ವನಿ! ಅಮೆರಿಕದ ಮಾಜಿ ಸೈನಿಕರು ಗೊತ್ತಿಲ್ಲದೇ ಹಂಸಧ್ವನಿಯ ವಾದ್ಯ ಹಿಡಿದು ಮೆರವಣಿಗೆ ಹೋಗುತ್ತಿದ್ದರು. ಮ, ಧ ಬೇಕೆಂದು ಆಮೇಲೆ ಒಂದು ರೋಟರಿ ವಾಲ್ವ್ ಸೇರಿಸಿಕೊಂಡರು.

1972ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಈ ಕೋರ್‌ಗಳ ಸ್ಪರ್ಧೆ ನಡೆಸುವ ಡಿಸಿಐ, ತನ್ನ ಮೊದಲ ಚಾಂಪಿಯನ್‌ಶಿಪ್ ನಡೆಸಿತು. 1977ರಲ್ಲಿ ನೇರ ನಿಂತ ಎರಡು ವಾಲ್ವ್‌ಗೆ ಒಪ್ಪಿಗೆ ಸಿಕ್ಕಿತು, 1990ರಲ್ಲಿ ಮೂರಕ್ಕೆ. 2000ದಿಂದ ಯಾವ ಕೀ ಆದರೂ ಸರಿ ಅಂದರು. ಈಗ ಹೆಚ್ಚುಕಡಿಮೆ ಎಲ್ಲ ಕೋರ್‌ಗಳದ್ದೂ ಬಿ ಫ್ಲ್ಯಾಟ್ ಮತ್ತು ಎಫ್ ಜೋಡಿ: ಟ್ರಂಪೆಟ್, ಬ್ಯಾರಿಟೋನ್, ಯುಫೋನಿಯಂ, ಟ್ಯೂಬಾ ಬಿ ಫ್ಲ್ಯಾಟ್, ಮೆಲೋಫೋನ್ ಮಾತ್ರ ಎಫ್. 2014ರಿಂದ ಟ್ರಾಂಬೋನ್, ಸೂಸಾಫೋನ್‌ಗಳಿಗೂ ಬಾಗಿಲು ತೆರೆದಿದೆ. ಅಮೆರಿಕದ ಮರೀನ್ ಕೋರ್‌ನ ‘ಕಮಾಂಡೆಂಟ್ಸ್ ಓನ್’ ತಂಡ ಮಾತ್ರ, ಡಿಸಿಐ ಜಿ ನಿಯಮ ಕೈಬಿಟ್ಟ ಮೇಲೂ, ಜಿ ಬಿಡಲಿಲ್ಲ. ಹಳೆಯ ಸದಸ್ಯರು ಸೇರಿ ನಡೆಸುವ ಅಲುಮ್ನೈ ಕೋರ್‌ಗಳಲ್ಲೂ ಅದು ಕಾಣುತ್ತದೆ.

ಬದಲಾವಣೆಗೆ ಸಂಗೀತಕ್ಕಿಂತ ದುಡ್ಡು ದೊಡ್ಡ ಕಾರಣ ಅಂತ ನನ್ನ ಲೆಕ್ಕ. ಜಿ ಬ್ಯೂಗಲ್ ಬೇಕಾದವರು ಡ್ರಮ್ ಕೋರ್‌ನವರು ಮಾತ್ರ. ಹಾಗಾಗಿ ತಯಾರಿಸುವವರೂ ಬೆರಳೆಣಿಕೆ, ಹಳೆಯದಾದರೆ ಕೊಳ್ಳುವವರೂ ಇಲ್ಲ. ಬಿ ಫ್ಲ್ಯಾಟ್ ಆದರೆ ಒಂದು ಸೀಸನ್ ಊದಿ ಶಾಲೆಗಳಿಗೆ ಮಾರಬಹುದು. ನಿಮಗೆ ಆ ಬ್ಯೂಗಲ್ ಅಗ್ಗಕ್ಕೆ ಸಿಗುತ್ತಿರುವುದೂ ಇದೇ ಕಾರಣಕ್ಕೆ.

ಹಳಬರು ‘ಜಿ ಬ್ಯೂಗಲ್ ಗತ್ತೇ ಬೇರೆ, ಸದ್ದು ಜಾಸ್ತಿ’ ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ಜಿ ಸಾಲಿನಲ್ಲಿ ಸೊಪ್ರಾನೊದಿಂದ ಎಲ್ಲಕ್ಕಿಂತ ಕೆಳಗಿನ ಕಾಂಟ್ರಾಬಾಸ್‌ವರೆಗೆ ಎಲ್ಲರದ್ದೂ ಒಂದೇ ಶ್ರುತಿ, ವ್ಯತ್ಯಾಸ ಬರೀ ಸ್ಥಾಯಿಯದ್ದು. ಕಾಂಟ್ರಾಬಾಸ್ ಅಂತೂ ಮಾಮೂಲಿ ಬಿ ಫ್ಲ್ಯಾಟ್ ಟ್ಯೂಬಾಗಿಂತಲೂ ಮೂರು ಸೆಮಿಟೋನ್ ಕೆಳಗಿನದು. ಆ ಟ್ಯೂಬಾದ ಕೊಳವೆ ಸುಮಾರು 5.5 ಮೀಟರ್ ಉದ್ದ ಅಂದರೆ ಇದರದ್ದು ಆರೂವರೆ ಮೀಟರ್ ಹತ್ತಿರ. ಎಲ್ಲರೂ ವಾಲ್ವ್ ಒತ್ತದೆ ಒಟ್ಟಿಗೆ ಊದಿದಾಗ ಕೆಳಗಿನ ವಾದ್ಯದ ಹಾರ್ಮೋನಿಕ್‌ಗಳ ಮೇಲೆ ಮೇಲಿನವರ ಸ್ವರ ನೇರವಾಗಿ ಹೋಗಿ ಕೂರುತ್ತದೆ. ಈಗಿನ ಸಾಲಿನಲ್ಲಿ ಟೀಚರ್ ‘ಕನ್ಸರ್ಟ್ ಎಫ್’ (ಹೊರಗೆ ಕೇಳಬೇಕಾದ ಎಫ್) ಅಂದರೆ ಟ್ರಂಪೆಟ್‌ನವರು ಜಿ ಊದಬೇಕು, ಮೆಲೋಫೋನ್‌ನವರು ಸಿ.

ಆದರೆ ಸದ್ದು ಜಾಸ್ತಿ ಅನ್ನುವುದಕ್ಕೆ ಕೀ ಒಂದೇ ಕಾರಣ ಅಂದರೆ ನಾನು ಒಪ್ಪಲ್ಲ. ಆ ವಾದ್ಯಗಳನ್ನು ಬಯಲಿನಲ್ಲಿ ದೂರಕ್ಕೆ ಕೇಳಲಿ ಅಂತಲೇ ಮಾಡಿದ್ದರು, ಊದುವವರೂ ಅದೇ ಹಟದಲ್ಲಿ ಊದುತ್ತಿದ್ದರು. ಹಳೆಯ ಬ್ಯೂಗಲ್‌ಗಳು ಶ್ರುತಿಯಲ್ಲಿ ಅಲುಗಾಡುವುದು ಹೆಚ್ಚು. ಒಂದೇ ಸ್ವರವನ್ನು ಹತ್ತು ಜನ ಹತ್ತು ಕೂದಲೆಳೆ ಆಚೀಚೆ ಊದಿದರೆ ಸದ್ದು ಒರಟಾಗಿ, ಅಗಲವಾಗಿ ಕೇಳುತ್ತದೆ. ಆ ಒರಟುತನವನ್ನೇ ಕೆಲವರು ಗತ್ತು ಅನ್ನುತ್ತಾರೆ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಮಾರುವವರ ಹತ್ತಿರ ಹೋಗಿ, ಫೋನಿನಲ್ಲಿ ಟ್ಯೂನರ್ ಆ್ಯಪ್ ತೆರೆದಿಟ್ಟು, ಮಗಳಿಗೆ ಯಾವ ವಾಲ್ವನ್ನೂ ಒತ್ತದೆ ಕಾಗದದ ‘ಸಿ’ ಅಥವಾ ‘ಜಿ’ ಊದಲು ಹೇಳಿ. ಬಿ ಫ್ಲ್ಯಾಟ್ ಅಥವಾ ಎಫ್ ತೋರಿಸಿದರೆ ಅದು ಟ್ರಂಪೆಟ್ ಲೆಕ್ಕ, ತಗೊಳ್ಳಿ. (ಆ್ಯಪ್ ಬಿ ಫ್ಲ್ಯಾಟನ್ನು ಎ ಶಾರ್ಪ್ ಅಂತಲೂ ತೋರಿಸಬಹುದು, ಎರಡೂ ಒಂದೇ.) ಜಿ ಅಥವಾ ಡಿ ಬಂದರೆ ಶಾಲೆಗೆ ಆಗಲ್ಲ. ಮನೆಯಲ್ಲಿ ಒಬ್ಬಳೇ ಊದೋಕೆ ಆಸೆಪಟ್ಟರೆ, ಮೂರು ವಾಲ್ವ್ ಇದ್ದು ಬೆಲೆ ನಿಜಕ್ಕೂ ಕಡಿಮೆ ಇದ್ದರೆ ಮಾತ್ರ ಯೋಚಿಸಿ.