ಓದುಗರ ಪ್ರಶ್ನೆ: ಪಾಳುಬಿದ್ದ ಬಡಾವಣೆಗಳಿಗೆ ಬೇಡಿಕೆ ಬಂದಾಗ

ಪ್ರಶ್ನೆ: ಕತ್ತಲಾದ ಮೇಲೆ ಯಾರೂ ಕಾಲಿಡದಿದ್ದ ಎಷ್ಟೋ ಬಡಾವಣೆಗಳು ಇಂದು ಪ್ರವಾಸಿಗರು ಹುಡುಕಿಕೊಂಡು ಹೋಗುವ ತಾಣಗಳಾಗಿವೆ. ಅದೇ ನಗರದಲ್ಲಿ ಅಚ್ಚುಕಟ್ಟಾದ ಬಡಾವಣೆಗಳಿರುವಾಗ ಹಾಳುಬಿದ್ದ ಜಾಗಗಳಿಗೇ ಈ ಅದೃಷ್ಟ ಒಲಿಯುವುದೇಕೆ?

ಉತ್ತರ: ಇದನ್ನು ಅದೃಷ್ಟವೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಕಡಿಮೆ ಬಾಡಿಗೆ, ವಿಶಾಲವಾದ ಜಾಗ, ಏನು ಮಾಡಿದರೂ ಕೇಳುವವರಿಲ್ಲದ ಸ್ವಾತಂತ್ರ್ಯ, ಈ ಮೂರೂ ಒಟ್ಟಿಗೆ ಸಿಗುವುದು ಯಾರಿಗೂ ಬೇಡವಾದ ಕಡೆಯಲ್ಲಿ ಮಾತ್ರ. ನ್ಯೂಯಾರ್ಕಿನ ಸೋಹೋ ಇದಕ್ಕೆ ಒಳ್ಳೆಯ ನಿದರ್ಶನ. ಎರಕದ ಕಬ್ಬಿಣದ ಮುಂಭಾಗವುಳ್ಳ ಅಲ್ಲಿನ ಕಟ್ಟಡಗಳು 19ನೇ ಶತಮಾನದಲ್ಲಿ ಕಾರ್ಖಾನೆ ಮತ್ತು ಗೋದಾಮುಗಳಾಗಿದ್ದವು. ಉದ್ಯಮಗಳು ಒಂದೊಂದಾಗಿ ಹೊರಟುಹೋದ ಮೇಲೆ ಬೆಂಕಿ ಅನಾಹುತಗಳು ಎಷ್ಟು ಹೆಚ್ಚಿದವೆಂದರೆ, ಅಗ್ನಿಶಾಮಕ ಸಿಬ್ಬಂದಿ ಆ ಪ್ರದೇಶವನ್ನು ‘ನರಕದ ನೂರು ಎಕರೆ’ ಎಂದೇ ಕರೆಯುತ್ತಿದ್ದರು. ಅದರ ನಡುವೆಯೇ ಹೆದ್ದಾರಿಯೊಂದನ್ನು ಹಾಯಿಸುವ, ನಗರದ ಪ್ರಭಾವಿ ಯೋಜನಾಧಿಕಾರಿ ರಾಬರ್ಟ್ ಮೋಸಸ್ ಅವರ ಯೋಜನೆಯ ಕತ್ತಿಯೂ ತಲೆಯ ಮೇಲೆ ತೂಗುತ್ತಿತ್ತು. ನಾಳೆ ನೆಲಸಮವಾಗಬಹುದಾದ ಕಟ್ಟಡಕ್ಕೆ ಯಾವ ಮಾಲೀಕ ತಾನೇ ಹಣ ಹಾಕುತ್ತಾನೆ? ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ, ಹೋರಾಟಗಾರ್ತಿ ಜೇನ್ ಜೇಕಬ್ಸ್ ಮತ್ತು ಸ್ಥಳೀಯರ ದೀರ್ಘ ಹೋರಾಟದ ನಂತರವೇ ಆ ಯೋಜನೆ ಬಿದ್ದುಹೋಯಿತು.

ಆ ಅನಿಶ್ಚಿತತೆಯ ವರ್ಷಗಳಲ್ಲಿ ಒಳಗೆ ಬಂದವರು ಚಿತ್ರಕಾರರು ಮತ್ತು ಶಿಲ್ಪಿಗಳು. ಎತ್ತರದ ಛಾವಣಿ, ಗೋಡೆಯಗಲದ ಕಿಟಕಿ, ಭಾರಿ ಸಾಮಾನು ಸಾಗಿಸುವ ಲಿಫ್ಟ್ ಅವರಿಗೆ ಬೇಕಾಗಿದ್ದವು. ಕಾರ್ಖಾನೆಗೆಂದು ಮೀಸಲಾದ ಕಟ್ಟಡದಲ್ಲಿ ವಾಸಿಸುವುದು ಕಾನೂನಿನ ಪ್ರಕಾರ ತಪ್ಪಾಗಿತ್ತು. ಆದರೂ 1960ರ ದಶಕದ ಆರಂಭದಲ್ಲಿ ಒಂದು ಏರ್ಪಾಡಾಯಿತು: ಕಲಾವಿದರಿರುವ ಕಟ್ಟಡದ ಹೊರಗೆ ‘ಎ.ಐ.ಆರ್.’ (ಆರ್ಟಿಸ್ಟ್ ಇನ್ ರೆಸಿಡೆನ್ಸ್, ಅಂದರೆ ಇಲ್ಲಿ ಕಲಾವಿದರ ವಾಸವಿದೆ) ಎಂಬ ಮೂರಕ್ಷರದ ಜೊತೆಗೆ ಅವರಿರುವ ಮಹಡಿಯ ಸಂಖ್ಯೆಯನ್ನು ಬರೆದ ಚಿಕ್ಕ ಫಲಕವಿರಬೇಕು. ಬೆಂಕಿ ಬಿದ್ದರೆ ಈ ಮಹಡಿಯಲ್ಲಿ ಮನುಷ್ಯರಿದ್ದಾರೆ ಎಂದು ಅಗ್ನಿಶಾಮಕ ದಳಕ್ಕೆ ತಿಳಿಸುವುದೇ ಅದರ ಉದ್ದೇಶ. ಇಂದು ಐಷಾರಾಮಿ ಅಂಗಡಿಗಳಿಗೆ ಹೆಸರಾದ ಬೀದಿಗಳ ಹೊಸ ಬದುಕು ಆರಂಭವಾದದ್ದು ಇಂಥ ಫಲಕಗಳಿಂದ ಎಂಬುದನ್ನು ನಾವು ಮರೆಯಬಾರದು. 1971ರಲ್ಲಿ ಕಲಾವಿದರ ವಾಸಕ್ಕೆ ಅಲ್ಲಿ ಕಾನೂನಿನ ಒಪ್ಪಿಗೆ ದೊರೆಯಿತು. 1973ರಲ್ಲಿ ಸೋಹೋ ಸಂರಕ್ಷಿತ ಪ್ರದೇಶವಾಯಿತು.

ಪ್ರಶ್ನೆ: ಮುರುಕು ಕಟ್ಟಡ ದುರಸ್ತಿಯಾಗುತ್ತದೆ, ಬೀದಿಗೆ ಬೆಳಕು ಬರುತ್ತದೆ, ವ್ಯಾಪಾರ ಬೆಳೆಯುತ್ತದೆ. ಇದು ಸುಧಾರಣೆಯಲ್ಲವೇ? ಕೆಲವರು ಇದನ್ನು ವಿರೋಧಿಸುವುದೇಕೆ?

ಉತ್ತರ: ದುರಸ್ತಿಯನ್ನು ಯಾರೂ ವಿರೋಧಿಸುವುದಿಲ್ಲ. ದುರಸ್ತಿಯಾದ ಮನೆಯಲ್ಲಿ ಯಾರು ಉಳಿಯುತ್ತಾರೆ ಎಂಬುದೇ ಜಗಳದ ಮೂಲ. ಲಂಡನ್ನಿನ ಕಾರ್ಮಿಕ ವಸತಿಗಳಿಗೆ ಮಧ್ಯಮ ವರ್ಗದವರು ಬಂದು ನೆಲೆಸುತ್ತ, ಮೊದಲಿನವರು ಜಾಗ ಖಾಲಿ ಮಾಡುತ್ತಿದ್ದುದನ್ನು ಗಮನಿಸಿದ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಅದಕ್ಕೆ ‘ಜೆಂಟ್ರಿಫಿಕೇಷನ್’ ಎಂಬ ಹೆಸರಿಟ್ಟರು. ಭೂಗೋಳಶಾಸ್ತ್ರಜ್ಞ ನೀಲ್ ಸ್ಮಿತ್ 1979ರಲ್ಲಿ ಅದರ ಒಳಗುಟ್ಟನ್ನು ಬಿಡಿಸಿಟ್ಟರು. ಒಂದು ನಿವೇಶನದಿಂದ ಈಗ ಬರುತ್ತಿರುವ ಬಾಡಿಗೆಗೂ, ಅದನ್ನು ಬೇರೆ ರೀತಿಯಲ್ಲಿ ಬಳಸಿದರೆ ಬರಬಹುದಾದ ಬಾಡಿಗೆಗೂ ನಡುವಿನ ಅಂತರ ಸಾಕಷ್ಟು ದೊಡ್ಡದಾದಾಗ ಬಂಡವಾಳ ಅಲ್ಲಿಗೆ ಮರಳುತ್ತದೆ ಎಂಬುದು ಅವರ ವಾದ. ಆದ್ದರಿಂದ ವರ್ಷಗಳ ಕಾಲ ಒಂದು ಬಡಾವಣೆಯನ್ನು ಅಲಕ್ಷಿಸಿದ್ದು ಮತ್ತು ನಂತರ ಅದರ ಮೇಲೆ ಮುಗಿಬಿದ್ದದ್ದು ಬೇರೆ ಬೇರೆ ಕಥೆಗಳಲ್ಲ.

ಪ್ಯಾರಿಸ್ಸಿನ ಮಾರೇ ಪ್ರದೇಶವನ್ನೇ ನೋಡಿ. ಸಿರಿವಂತರು ಬಿಟ್ಟುಹೋದ ಹಳೆಯ ಮಹಲುಗಳಲ್ಲಿ ಕುಶಲಕರ್ಮಿಗಳು ಮತ್ತು ಬಡ ಕುಟುಂಬಗಳು ನೆಲೆಸಿದ್ದವು. ಮಹಲಿನ ಅಂಗಳಗಳಲ್ಲೇ ಶೆಡ್ಡುಗಳನ್ನು ಹಾಕಿಕೊಂಡು ಕಾರ್ಯಾಗಾರಗಳು ನಡೆಯುತ್ತಿದ್ದವು. ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರ ಹೆಸರಿನಿಂದಲೇ ಪ್ರಸಿದ್ಧವಾದ 1962ರ ಕಾಯ್ದೆಯಿಂದ ಆ ಮಹಲುಗಳು ಉಳಿದವು, ಅದಕ್ಕೆ ನಾವು ಕೃತಜ್ಞರಾಗಿರಲೇಬೇಕು. ಆದರೆ ಅಂಗಳವನ್ನು ಮೂಲರೂಪಕ್ಕೆ ತರುವುದೆಂದರೆ ಶೆಡ್ಡುಗಳನ್ನು ತೆಗೆಯುವುದೂ ಆಗಿತ್ತು. ಕಲ್ಲಿಗೆ ಸಿಕ್ಕ ರಕ್ಷಣೆ ಆ ಕಲ್ಲಿನ ನೆರಳಿನಲ್ಲಿ ದುಡಿಯುತ್ತಿದ್ದವರಿಗೆ ಸಿಗಲಿಲ್ಲ. ಈ ಸಂಗತಿಯನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಎರಡನ್ನೂ ಉಳಿಸುವ ಮನಸ್ಸಿದ್ದರೆ ದಾರಿ ಇದ್ದೇ ಇರುತ್ತಿತ್ತು.

ಪ್ರಶ್ನೆ: ಮೊದಲಿನಿಂದ ಇದ್ದವರಿಗೂ ಒಳಿತಾದ ಉದಾಹರಣೆಗಳಿವೆಯೇ?

ಉತ್ತರ: ಇವೆ. ಕೊಲಂಬಿಯಾದ ಮೆಡೆಲಿನ್ ನಗರದ ‘ಕೊಮೂನಾ 13’ ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಬಡಾವಣೆ. ಸಶಸ್ತ್ರ ಗುಂಪುಗಳ ಹಿಡಿತದಲ್ಲಿದ್ದ ಅದು 2002ರ ಅಕ್ಟೋಬರಿನಲ್ಲಿ ಸೇನೆ ಮತ್ತು ಪೊಲೀಸರ ದೊಡ್ಡ ಕಾರ್ಯಾಚರಣೆಗೆ ಈಡಾಯಿತು. ಮನೆ ತಲುಪಲು ಅಲ್ಲಿಯವರು 28 ಮಹಡಿಯ ಕಟ್ಟಡವನ್ನು ಹತ್ತಿದಷ್ಟು ಮೆಟ್ಟಿಲು ಹತ್ತಬೇಕಿತ್ತು. ತಲೆಯ ಮೇಲೆ ಹೊರೆ ಹೊತ್ತವರು, ಮಗುವನ್ನು ಎತ್ತಿಕೊಂಡವರು, ಮಂಡಿ ಸವೆದ ವೃದ್ಧರು ದಿನವೂ ಹಾಗೆ ಹತ್ತುತ್ತಿದ್ದರು. 2011ರ ಕೊನೆಯಲ್ಲಿ ನಗರಾಡಳಿತ ಅಲ್ಲಿ ಆರು ಹಂತಗಳಲ್ಲಿ ಸಾಗುವ, 384 ಮೀಟರ್ ಉದ್ದದ ಎಸ್ಕಲೇಟರನ್ನು ಬಯಲಿನಲ್ಲೇ ನಿರ್ಮಿಸಿತು. ಅದನ್ನು ಕಟ್ಟಿದ್ದು ನಿವಾಸಿಗಳ ಕಾಲಿಗಾಗಿ, ಪ್ರವಾಸಿಗರ ಕಣ್ಣಿಗಾಗಿ ಅಲ್ಲ ಎಂಬುದೇ ಇಲ್ಲಿ ಮುಖ್ಯ. ಬೆಟ್ಟದ ಅನೇಕ ಮನೆಗಳನ್ನು ಅಲ್ಲಿಯವರೇ ಕೈಯಾರೆ ಕಟ್ಟಿಕೊಂಡಿದ್ದರು. ಗೋಡೆಚಿತ್ರ ಬರೆದವರಲ್ಲಿ, ಇಂದು ಪ್ರವಾಸಿಗರಿಗೆ ದಾರಿ ತೋರಿಸುತ್ತ 2002ರ ನೋವನ್ನೂ ಹೇಳುವವರಲ್ಲಿ ಸ್ಥಳೀಯ ಯುವಕರು ಬಹಳ ಮಂದಿ ಇದ್ದಾರೆ. ಈಗ ಜನದಟ್ಟಣೆಯ ತೊಂದರೆ ಅಲ್ಲಿಯೂ ಇದೆ, ನಿಜ.

ಬಾಡಿಗೆದಾರರೇ ಹೆಚ್ಚಿರುವ ಕಡೆ ಕಾನೂನಿನ ಆಸರೆ ಬೇಕಾಗುತ್ತದೆ. ಬರ್ಲಿನ್ನಿನ ಕ್ರಾಯ್ಟ್ಸ್‌ಬರ್ಗ್‌ನಂಥ ಪ್ರದೇಶಗಳ ಹಲವು ಭಾಗಗಳಲ್ಲಿ ಬಾಡಿಗೆಯನ್ನು ಏರಿಸುವಂಥ ದುಬಾರಿ ನವೀಕರಣಕ್ಕೂ, ಬಾಡಿಗೆ ಮನೆಗಳನ್ನು ಬಿಡಿಬಿಡಿಯಾಗಿ ಮಾರುವ ಫ್ಲ್ಯಾಟುಗಳನ್ನಾಗಿ ಪರಿವರ್ತಿಸುವುದಕ್ಕೂ ಮಾಲೀಕರು ಆಡಳಿತದ ಅನುಮತಿ ಪಡೆಯಬೇಕು. ಈ ರಕ್ಷಣೆ ವಾಸದ ಮನೆಗಳಿಗೆ ಮಾತ್ರ ಇರುವುದು ಅದರ ದೊಡ್ಡ ಕೊರತೆ. ಬೀದಿಯ ಹಳೆಯ ಅಂಗಡಿಯವನಿಗೆ ಅದರಿಂದ ಉಪಯೋಗವಿಲ್ಲ.

ಪ್ರಶ್ನೆ: ಹಾಗಾದರೆ ಇಂಥ ಸ್ಥಳಗಳನ್ನು ನೋಡಲು ಹೋಗುವುದೇ ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ. ಆದರೆ ಯಾರೋ ಬಾಳುತ್ತಿರುವ ಜಾಗಕ್ಕೆ ಹೋಗುತ್ತಿದ್ದೇವೆ ಎಂಬ ಅರಿವಿರಬೇಕು. ದಕ್ಷಿಣ ಕೊರಿಯಾದ ಸೋಲ್ ನಗರದ ಇಹ್ವಾ ಬಡಾವಣೆಗೆ ಕಳೆ ತರಲೆಂದು 2006ರಲ್ಲಿ ಕಲಾವಿದರು ಗೋಡೆ, ಮೆಟ್ಟಿಲುಗಳನ್ನು ಚಿತ್ರಗಳಿಂದ ಅಲಂಕರಿಸಿದರು. ಮೀನು ಮತ್ತು ಹೂವಿನ ಚಿತ್ರಗಳಿದ್ದ ಮೆಟ್ಟಿಲುಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವುದೇ ಒಂದು ಗೀಳಾಯಿತು. ಹೊತ್ತುಗೊತ್ತಿಲ್ಲದ ಗದ್ದಲವನ್ನು ಸಹಿಸಿ ಸಹಿಸಿ ಬೇಸತ್ತ ಕೆಲವು ನಿವಾಸಿಗಳು 2016ರಲ್ಲಿ ಆ ಚಿತ್ರಗಳ ಮೇಲೆ ತಾವೇ ಬಣ್ಣ ಬಳಿದು ಅಳಿಸಿಹಾಕಿದರು. ಅವರನ್ನು ದೂಷಿಸಲು ನನಗೆ ಬಾಯಿ ಬರುವುದಿಲ್ಲ. ನೀವು ಹೋದಾಗ ಸ್ಥಳೀಯರೇ ಮಾರ್ಗದರ್ಶಕರಾಗಿದ್ದರೆ ಅವರನ್ನೇ ಜೊತೆಗೆ ಕರೆದುಕೊಳ್ಳಿ, ಬಡಾವಣೆಯವರು ನಡೆಸುವ ಹಳೆಯ ಅಂಗಡಿಗಳಲ್ಲಿ ಖರ್ಚು ಮಾಡಿ, ಮನೆಯ ಹೊಸ್ತಿಲು, ಒಣಗಲು ಹಾಕಿದ ಬಟ್ಟೆ, ಆಡುವ ಮಕ್ಕಳು ಇವುಗಳ ಫೋಟೊ ತೆಗೆಯುವ ಮುನ್ನ ಕೇಳಿ, ಮತ್ತು ಸಂಜೆ ಅವರು ಮನೆಗೆ ಮರಳುವ ವೇಳೆಗೆ ಮೆಟ್ಟಿಲುಗಳನ್ನು ಬಿಟ್ಟುಕೊಡಿ.