ನೋಹನ ನಾವೆಗೆ ಅಡಿಕೆ ಹಾಳೆ ಸಾಕು

ನಮಸ್ಕಾರ ಮೇಡಂ. ಕಾಪುವಿನ ಸಂಡೇ ಸ್ಕೂಲಿನಲ್ಲಿ ಆರರಿಂದ ಎಂಟು ವರ್ಷದ ಮಕ್ಕಳಿಗೆ ಜಲಪ್ರಳಯದಿಂದ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸಲು ನಾವೆ ಕಟ್ಟಿದ ಬೈಬಲಿನ ನೋಹನ ಕಥೆ ಹೇಳಬೇಕು, ಮುಕ್ಕಾಲು ಗಂಟೆ ಇದೆ, ಖರ್ಚು ಜಾಸ್ತಿ ಆಗಬಾರದು, ಏನು ಮಾಡಿಸಲಿ ಎಂದು ಕೇಳಿದ್ದೀರಿ.

ಥರ್ಮೋಕೋಲ್ ತರಬೇಡಿ. ನಮ್ಮ ಕಡೆ ಅಡಿಕೆ ಹಾಳೆ ಬೇಕಾದಷ್ಟು ಸಿಗುತ್ತದೆ ಅಲ್ವಾ? ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿಡಿ. ಮೆತ್ತಗಾದರೆ ಮಡಚುವಾಗ ಸೀಳುವುದಿಲ್ಲ. ಎರಡೂ ತುದಿ ಮಡಚಿ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ ಚುಚ್ಚಿ. ಚುಚ್ಚುವುದು ಮಾತ್ರ ದೊಡ್ಡವರ ಕೆಲಸ. ಮೇಲೆ ಒಂದು ರಟ್ಟಿನ ಮನೆ ಇಡಿ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿರುವ ಅಳತೆಯನ್ನು ಖಂಡಿತ ಹೇಳಿ. ನಾವೆ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಪ್ರತಿ ಮಗುವೂ ತನ್ನ ಮೊಣಕೈಯಿಂದ ಬೆರಳ ತುದಿವರೆಗೆ ನೂಲು ಅಳೆಯಲಿ. ಎಲ್ಲರ ನೂಲೂ ಗಂಟು ಹಾಕಿ ಅಂಗಳದಲ್ಲಿ 30 ಮೊಳ ಚಾಚಿ, ಇದು ಬರೀ ಎತ್ತರ ಎಂದು ಹೇಳಿ. ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು ನೀವು!

ಒಳಗೂ ಹೊರಗೂ ರಾಳ ಬಳಿಯಬೇಕೆಂದು ದೇವರು ಹೇಳಿದ್ದರಲ್ಲ, ಅದಕ್ಕೆ ರಟ್ಟಿನ ಮಾಡಿಗೆ ಮೇಣದಬತ್ತಿ ಉಜ್ಜಿಸಿ ನೀರು ಚಿಮುಕಿಸಿ. ಹನಿ ಜಾರಿ ಹೋಗುತ್ತದೆ. ಮಲ್ಪೆಯ ದೋಣಿ ಕಂಡ ಮಕ್ಕಳಿಗೆ ಬೇರೆ ವಿವರಣೆ ಬೇಡ.

ಪ್ರಾಣಿಗಳನ್ನು ಹಳೇ ಪೇಪರಿನಿಂದ ಕತ್ತರಿಸಿ, ಜೋಡಿ ಇದ್ದರಾಯ್ತು. ಪಾರಿವಾಳಕ್ಕೆ ಮಾತ್ರ ಸುಮ್ನೆ ಮಾವಿನ ಎಲೆ ಅಂಟಿಸಬೇಡಿ. ನೀರು ಇಳಿದಿದೆಯೇ ನೋಡಲು ನೋಹ ಬಿಟ್ಟಾಗ ಅದು ತಂದದ್ದು ಒಲಿವ್ ಎಲೆ, ಸಣ್ಣದು, ಸಪೂರ. ಹಸಿರು ಕಾಗದದಲ್ಲಿ ಹಾಗೇ ಕತ್ತರಿಸಿ.

ಮಳೆಬಿಲ್ಲನ್ನು ಅದೇ ದಿನ ಗಡಿಬಿಡಿಯಲ್ಲಿ ಮುಗಿಸಬೇಡಿ. ಇನ್ನು ಅಂಥ ಜಲಪ್ರಳಯ ತರುವುದಿಲ್ಲ ಎಂಬ ದೇವರ ಮಾತಿನ ಗುರುತು ಅದು. ಮುಂದಿನ ಭಾನುವಾರ ನಿಧಾನವಾಗಿ ಮಾಡಿಸಿ.