22 ಕಪ್ ಒಂದೇ ವಿಶ್ವವಿದ್ಯಾಲಯಕ್ಕೆ: ಓದುಗರ ಪ್ರಶ್ನೆ, ಸಂಪಾದಕರ ಉತ್ತರ

ಧಾರವಾಡದ ಓದುಗರೊಬ್ಬರ ಪತ್ರ: "ಅಮೆರಿಕದ ವಿಶ್ವವಿದ್ಯಾಲಯಗಳ ಮಹಿಳಾ ಸಾಕರ್ (ನಮ್ಮ ಫುಟ್‌ಬಾಲ್) ಚಾಂಪಿಯನ್‌ಷಿಪ್ 1982ರಿಂದ 2024ರವರೆಗೆ 43 ಸಲ ನಡೆದಿದೆ. ಅದರಲ್ಲಿ 22 ಸಲ ನಾರ್ತ್ ಕ್ಯಾರೊಲಿನಾ ಒಂದೇ ಗೆದ್ದಿದೆ. ಅರ್ಧಕ್ಕಿಂತ ಹೆಚ್ಚು ಕಪ್ ಒಂದೇ ಕಡೆ ಹೋದರೆ ಅದನ್ನು ಪೈಪೋಟಿ ಎನ್ನಬಹುದೇ? ಫೈನಲ್‌ಗಳ ವಿಡಿಯೊ ನೋಡಿದರೆ ಗಡಿಯಾರ ಹಿಂದಕ್ಕೆ ಓಡುತ್ತದೆ, ಹೊರಗೆ ಹೋದ ಆಟಗಾರ್ತಿ ಮತ್ತೆ ಒಳಗೆ ಬರುತ್ತಾಳೆ. ಇದ್ಯಾಕೆ ಹೀಗೆ? ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಮಿಡ್‌ಫೀಲ್ಡ್‌ನಲ್ಲಿ ಆಡುತ್ತಾಳೆ. ಅವಳಿಗೆ ಅಲ್ಲಿಗೆ ಹೋಗುವ ದಾರಿ ಇದೆಯೇ?"

ಮೊದಲು ಆ 22ನ್ನು ಬಿಡಿಸಿ ನೋಡೋಣ. 1982ರಿಂದ 1994ರವರೆಗಿನ 13 ಟೂರ್ನಿಗಳಲ್ಲಿ 12 ನಾರ್ತ್ ಕ್ಯಾರೊಲಿನಾ ಪಾಲಾದವು. ತಪ್ಪಿದ್ದು 1985ರದ್ದು ಮಾತ್ರ. ಆ ವರ್ಷ ಜಾರ್ಜ್ ಮೇಸನ್ ವಿಶ್ವವಿದ್ಯಾಲಯ ಫೈನಲ್‌ನಲ್ಲಿ 2–0 ಅಂತರದಿಂದ ಅವರನ್ನು ಸೋಲಿಸಿತು. ಆದರೆ 1995ರಿಂದ 2024ರವರೆಗಿನ 30 ಟೂರ್ನಿಗಳಲ್ಲಿ ಅವರಿಗೆ ಸಿಕ್ಕಿದ್ದು 10. 2012ರ ನಂತರದ ಕಪ್‌ಗೆ 2024ರವರೆಗೆ ಕಾಯಬೇಕಾಯಿತು. ನಡುವೆ 2018, 2019, 2022ರಲ್ಲಿ ಫೈನಲ್ ತಲುಪಿ ಮೂರನ್ನೂ ಸೋತರು. ಉಳಿದ 21 ಕಪ್‌ಗಳು ಹತ್ತು ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿವೆ: ಫ್ಲಾರಿಡಾ ಸ್ಟೇಟ್‌ಗೆ 4, ನೋಟರ್ ಡೇಮ್ ಮತ್ತು ಸ್ಟ್ಯಾನ್‌ಫರ್ಡ್‌ಗೆ ತಲಾ 3, ಪೋರ್ಟ್‌ಲ್ಯಾಂಡ್, ಸಾಂತಾ ಕ್ಲಾರಾ, ಯುಸಿಎಲ್‌ಎ, ಸದರ್ನ್ ಕ್ಯಾಲಿಫೋರ್ನಿಯಾಗೆ ತಲಾ 2, ಜಾರ್ಜ್ ಮೇಸನ್, ಫ್ಲಾರಿಡಾ, ಪೆನ್ ಸ್ಟೇಟ್‌ಗೆ ಒಂದೊಂದು. ನೀವು ಒಂದೇ ಟೂರ್ನಿ ಎಂದು ಎಣಿಸಿದ್ದರಲ್ಲಿ ಎರಡು ಬೇರೆ ಬೇರೆ ಕಾಲಗಳಿವೆ. ಮೊದಲನೆಯದರ ಬಗ್ಗೆ ನಿಮ್ಮ ಅನುಮಾನ ಸರಿಯೇ. ಆದರೆ ಎರಡನೆಯದಕ್ಕೆ ಅದು ಸಲ್ಲುವುದಿಲ್ಲ.

ಮೊದಲ ಕಾಲದಲ್ಲಿ ನಾರ್ತ್ ಕ್ಯಾರೊಲಿನಾ ಎಲ್ಲರಿಗಿಂತ ಮೊದಲೇ ಹೊರಟಿತ್ತು. ಅಲ್ಲಿ ಮಹಿಳಾ ತಂಡಕ್ಕೆ ಅಧಿಕೃತ ಸ್ಥಾನ ಸಿಕ್ಕಿದ್ದು 1979ರಲ್ಲಿ, ಕೋಚ್ ಆನ್ಸನ್ ಡೊರೆನ್ಸ್. ಈಗ ಈ ಟೂರ್ನಿ ನಡೆಸುವ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ. ಆಗ ಮಹಿಳಾ ಕಾಲೇಜು ಕ್ರೀಡೆ ಅದರ ಕೈಯಲ್ಲಿರಲಿಲ್ಲ. ಎಐಎಡಬ್ಲ್ಯು ಎಂಬ ಪ್ರತ್ಯೇಕ ಸಂಸ್ಥೆ ಮಹಿಳಾ ಕ್ರೀಡೆಯನ್ನು ನೋಡಿಕೊಳ್ಳುತ್ತಿತ್ತು. 1981ರಲ್ಲಿ ಆ ಸಂಸ್ಥೆ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಊರಾದ ಚಾಪೆಲ್ ಹಿಲ್‌ನಲ್ಲಿ ನಡೆಸಿದ ರಾಷ್ಟ್ರೀಯ ಟೂರ್ನಿಯನ್ನೂ ನಾರ್ತ್ ಕ್ಯಾರೊಲಿನಾ ಗೆದ್ದಿತು. ಅದು 22ರ ಲೆಕ್ಕಕ್ಕೆ ಸೇರಿಲ್ಲ, ಹಾಗಾಗಿ ಕೆಲವು ಕಡೆ ನಿಮಗೆ 23 ಎಂಬ ಸಂಖ್ಯೆ ಕಾಣಬಹುದು. ಮರುವರ್ಷ ಎನ್‌ಸಿಎಎ ತನ್ನದೇ ಟೂರ್ನಿ ಶುರುಮಾಡಿತು, ಎಐಎಡಬ್ಲ್ಯು ಮುಚ್ಚಿಹೋಯಿತು. ಮೊದಲ ಟೂರ್ನಿಯಲ್ಲಿ ಇದ್ದದ್ದು 12 ತಂಡ. ಇಡೀ ದೇಶದಲ್ಲಿ ಮಹಿಳಾ ಸಾಕರ್ ತಂಡ ಕಟ್ಟಿದ್ದ ಎನ್‌ಸಿಎಎ ಕಾಲೇಜುಗಳು ಆಗ ನೂರು ಕೂಡ ಇರಲಿಲ್ಲ. ಈಗ ಮೂರೂ ಡಿವಿಷನ್ (ಮಟ್ಟ; ಡಿವಿಷನ್ ಒಂದು ಎಲ್ಲಕ್ಕಿಂತ ಮೇಲಿನದು) ಸೇರಿ ಸಾವಿರ ದಾಟಿವೆ.

ಹಾಗೆಂದು ಬರೀ ಮೊದಲು ಹೊರಟದ್ದಕ್ಕೇ 12 ಕಪ್ ಬರುವುದಿಲ್ಲ. ಡೊರೆನ್ಸ್ ತಂಡದ ಅಭ್ಯಾಸದಲ್ಲಿ ಪ್ರತಿಯೊಂದಕ್ಕೂ ಅಂಕವಿತ್ತು: ಒಬ್ಬರಿಗೊಬ್ಬರು ಎದುರಾದಾಗ ಯಾರು ಗೆದ್ದರು, ಓಟದಲ್ಲಿ ಯಾರು ಮುಂದೆ, ಹೆಡರ್ ಯಾರಿಗೆ ಸಿಕ್ಕಿತು, ಗುರಿ ಎಷ್ಟು ಸಲ ತಾಗಿತು. ಎಲ್ಲವನ್ನೂ ಬರೆದಿಟ್ಟು, ರ್‍ಯಾಂಕ್ ಮಾಡಿ, ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚುತ್ತಿದ್ದರು. ಅದೇ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅವರಿಂದ ಬಂದ ಪದ್ಧತಿ ಇದು. ಮುಂದೆ ಅಮೆರಿಕ ತಂಡದ ತಾರೆಯರಾದ ಮಿಯಾ ಹ್ಯಾಮ್, ಕ್ರಿಸ್ಟಿನ್ ಲಿಲ್ಲಿ ಬೆಳೆದದ್ದು ಈ ಗೋಡೆಯ ಮುಂದೆಯೇ. 1990ರಿಂದ 1994ರವರೆಗೆ ತಂಡ ಸತತ 92 ಪಂದ್ಯ ಗೆದ್ದಿತು; ಅದು ನಿಂತದ್ದು ನೋಟರ್ ಡೇಮ್ ಜತೆಗಿನ 0–0 ಡ್ರಾದಲ್ಲಿ. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಅಮೆರಿಕ ತಂಡದ 18 ಜನರಲ್ಲಿ 9 ಮಂದಿ ಇದೇ ಕ್ಯಾಂಪಸ್ಸಿನವರು. ಆ ತಂಡದ ಕೋಚ್ ಕೂಡ ಡೊರೆನ್ಸ್.

ಉಳಿದವರು ಮೇಲೆ ಬಂದದ್ದರ ಹಿಂದೆ ಒಂದು ಕಾನೂನಿದೆ. 1972ರ ಟೈಟಲ್ ನೈನ್ ಪ್ರಕಾರ ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದ ಮೇಲೆ ಭೇದ ಮಾಡುವಂತಿಲ್ಲ. ದೊಡ್ಡ ವಿಶ್ವವಿದ್ಯಾಲಯವೊಂದು ಅಮೆರಿಕನ್ ಫುಟ್‌ಬಾಲ್ ತಂಡದ 85 ಹುಡುಗರಿಗೆ ವಿದ್ಯಾರ್ಥಿವೇತನ ಕೊಡುತ್ತಿದ್ದರೆ ಹುಡುಗಿಯರ ಕಡೆ ಅದನ್ನು ಎಲ್ಲಿಂದ ಸರಿದೂಗಿಸಬೇಕು? ಅಲ್ಲಿ ಸಾಕರ್ ಒದಗಿತು. ಒಂದು ಮೈದಾನ, ಎರಡು ಗೋಲುಗಂಬ, ಒಂದಿಷ್ಟು ಚೆಂಡು ಇದ್ದರೆ 25–30 ಹುಡುಗಿಯರಿಗೆ ಒಂದೇ ತಂಡದಲ್ಲಿ ಜಾಗ. ಡಿವಿಷನ್ ಒಂದರಲ್ಲಿ ಮಹಿಳಾ ಸಾಕರ್‌ಗೆ ಬಹುಕಾಲ ಇದ್ದ ವಿದ್ಯಾರ್ಥಿವೇತನದ ಮಿತಿ 14, ಪುರುಷರ ಸಾಕರ್‌ಗೆ 9.9. ಇಂದು ಆ ಡಿವಿಷನ್‌ನಲ್ಲಿ ಮಹಿಳಾ ತಂಡಗಳು ಮುನ್ನೂರಕ್ಕೂ ಹೆಚ್ಚಿದ್ದರೆ ಪುರುಷರವು ಇನ್ನೂರರ ಆಸುಪಾಸು.

ಇದರ ಫಲವನ್ನು ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ನೋಡಬಹುದು. ಅಲ್ಲಿ ತಂಡ ಹುಟ್ಟಿದ್ದು 1995ರಲ್ಲಿ, ನಾಲ್ಕನೇ ವರ್ಷಕ್ಕೇ, 1998ರಲ್ಲಿ, ನಾರ್ತ್ ಕ್ಯಾರೊಲಿನಾವನ್ನು 1–0ಯಿಂದ ಮಣಿಸಿ ಚಾಂಪಿಯನ್. ಗೋಲು ಹೊಡೆದ ಡ್ಯಾನಿಯೆಲ್ ಫೋಟೊಪೌಲೊಸ್ ಕಾಲೇಜು ಜೀವನದಲ್ಲಿ ಒಟ್ಟು 118 ಗೋಲು ಗಳಿಸಿದವರು. ಅದಕ್ಕೂ ಮೊದಲು 1995ರ ಸೆಮಿಫೈನಲ್‌ನಲ್ಲಿ ನೋಟರ್ ಡೇಮ್, ಚಾಪೆಲ್ ಹಿಲ್‌ನ ಮೈದಾನದಲ್ಲೇ ನಾರ್ತ್ ಕ್ಯಾರೊಲಿನಾವನ್ನು 1–0ಯಿಂದ ಸೋಲಿಸಿ ಸತತ ಒಂಬತ್ತು ಕಪ್‌ಗಳ ಓಟಕ್ಕೆ ತೆರೆ ಎಳೆದಿತ್ತು. ಪೋರ್ಟ್‌ಲ್ಯಾಂಡ್‌ನಂಥ ಚಿಕ್ಕ ವಿಶ್ವವಿದ್ಯಾಲಯ ಕೆನಡಾದ ಕ್ರಿಸ್ಟಿನ್ ಸಿಂಕ್ಲೇರ್ ಅವರನ್ನು ತಂಡದಲ್ಲಿಟ್ಟುಕೊಂಡು 2002 ಮತ್ತು 2005ರಲ್ಲಿ ಗೆದ್ದಿತು; 2005ರ ಒಂದೇ ಋತುವಿನಲ್ಲಿ ಅವರ ಗೋಲು 39.

ಇನ್ನು ಗಡಿಯಾರ. ಕಾಲೇಜು ಸಾಕರ್‌ನಲ್ಲಿ ಪ್ರತಿ ಅರ್ಧ 45:00ರಿಂದ ಶುರುವಾಗಿ ಸೊನ್ನೆಗೆ ಇಳಿಯುತ್ತದೆ. ಗೋಲು, ಕಾರ್ಡ್, ಗಾಯ ಇವುಗಳಿಗೆ ರೆಫರಿ ಕೈಸನ್ನೆ ಮಾಡಿದರೆ ಗಡಿಯಾರ ನಿಲ್ಲುತ್ತದೆ. ಹಾಗಾಗಿ ಕೊನೆಯಲ್ಲಿ ಹೆಚ್ಚುವರಿ ನಿಮಿಷಗಳಿಲ್ಲ. ಸೊನ್ನೆಯಾಗುವ ಮೊದಲು ಚೆಂಡು ಪೂರ್ತಿಯಾಗಿ ಗೆರೆ ದಾಟಿರಬೇಕು, ಇಲ್ಲದಿದ್ದರೆ ಗೋಲಲ್ಲ. ಇದರ ಬಿಗಿ ತಿಳಿಯಬೇಕಾದರೆ 2022ರ ಫೈನಲ್ ನೋಡಿ. 75ನೇ ನಿಮಿಷದ ಹೊತ್ತಿಗೆ ನಾರ್ತ್ ಕ್ಯಾರೊಲಿನಾ 2–0 ಮುಂದೆ. 80ರಲ್ಲಿ ಯುಸಿಎಲ್‌ಎ ಒಂದನ್ನು ಮರಳಿಸಿತು. ಗಡಿಯಾರದಲ್ಲಿ 16 ಸೆಕೆಂಡ್ ಉಳಿದಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ರೈಲಿನ್ ಟರ್ನರ್ ತಲೆಕೊಟ್ಟು 2–2 ಮಾಡಿದರು. 107ನೇ ನಿಮಿಷದಲ್ಲಿ ಮರಿಕಾರ್ಮೆನ್ ರೆಯೆಸ್ ಹೊಡೆದ ಮೂರನೇ ಗೋಲಿಗೆ ಕಪ್ ಯುಸಿಎಲ್‌ಎ ಪಾಲು. ಆ ವರ್ಷವೇ ನಾಕೌಟ್ ಪಂದ್ಯಗಳ ಗೋಲ್ಡನ್ ಗೋಲ್ ನಿಯಮ (ಸಮವಾದ ಪಂದ್ಯದ ಹೆಚ್ಚುವರಿ ಆಟದಲ್ಲಿ ಮೊದಲ ಗೋಲಿಗೇ ಪಂದ್ಯ ಮುಗಿಯುವುದು) ರದ್ದಾಗಿ, ಹತ್ತು ಹತ್ತು ನಿಮಿಷದ ಎರಡು ಅವಧಿಗಳನ್ನು ಪೂರ್ತಿ ಆಡುವ ಪದ್ಧತಿ ಬಂದಿತ್ತು. ಅದರ ನಂತರವೂ ಸಮವಾದರೆ ಪೆನಾಲ್ಟಿ ಶೂಟೌಟ್.

ಬದಲಿ ಆಟಗಾರ್ತಿಯರ ನಿಯಮವೇ ಇಲ್ಲಿನ ಆಟದ ರೂಪವನ್ನು ನಿರ್ಧರಿಸಿದೆ. ಮೊದಲರ್ಧದಲ್ಲಿ ಹೊರಬಂದವಳು ಆ ಅರ್ಧದಲ್ಲಿ ಮತ್ತೆ ಇಳಿಯುವಂತಿಲ್ಲ. ಎರಡನೇ ಅರ್ಧದಲ್ಲಿ ಹೊರಬಂದವಳು ಒಮ್ಮೆ ಮರಳಬಹುದು. ಒಟ್ಟು ಎಷ್ಟು ಜನ ಎಂಬ ಮಿತಿ, ಅಂತರರಾಷ್ಟ್ರೀಯ ಪಂದ್ಯದ ಐದರಂತೆ, ಇಲ್ಲಿಲ್ಲ. ನಾರ್ತ್ ಕ್ಯಾರೊಲಿನಾದ ಆಟ ನಿಂತಿದ್ದದ್ದು ಇದರ ಮೇಲೆ. ಹಿಂದೆ ಮೂವರು, ಮುಂದೆ ಮೂವರು. ಎದುರಾಳಿಯ ಡಿಫೆಂಡರ್ ಕಾಲಿಗೆ ಚೆಂಡು ತಾಗುತ್ತಿದ್ದಂತೆ ಮುಂದಿನವರು ಮುಗಿಬೀಳುವುದು. ಹೀಗೆ 90 ನಿಮಿಷ ಯಾರೂ ಓಡಲಾರರು. ಅದಕ್ಕೇ ಅರ್ಧದ ನಡುವೆ ಮುಂಚೂಣಿಯನ್ನು ಬದಲಿಸಿ ಹೊಸ ಕಾಲುಗಳನ್ನು ಇಳಿಸುವುದು. ಇದರಿಂದ ಹೆಚ್ಚು ಹುಡುಗಿಯರಿಗೆ ಆಡುವ ಅವಕಾಶ ಸಿಗುತ್ತದೆ. ಆದರೆ ಚೆಂಡಿನ ಮೇಲೆ ಹಿಡಿತ ಸಾಧಿಸಿ ವೇಗ ತಗ್ಗಿಸುವ ಕಲೆ, ದಣಿದ ಮೇಲೂ ಸರಿಯಾಗಿ ಯೋಚಿಸುವ ಅಭ್ಯಾಸ ಹಿಂದುಳಿಯುತ್ತದೆ. ನಿಮ್ಮ ಮಗಳು ಮಿಡ್‌ಫೀಲ್ಡರ್ ಆದ್ದರಿಂದ ಈ ಮಾತು ಒತ್ತಿ ಹೇಳುತ್ತಿದ್ದೇವೆ. ಈ ಆಟದಲ್ಲಿ ಮಿಡ್‌ಫೀಲ್ಡರ್ ತಲೆಯ ಮೇಲಿಂದಲೇ ಚೆಂಡು ಹಾದುಹೋಗುವ ಪಂದ್ಯಗಳೂ ಇರುತ್ತವೆ. ಯಾವ ಕೋಚ್ ಹೇಗೆ ಆಡಿಸುತ್ತಾರೆ ಎಂದು ನೋಡಿಯೇ ಕಾಲೇಜು ಆರಿಸಬೇಕು.

ಟೂರ್ನಿಯ ರಚನೆ ಚಿಕ್ಕದಾಗಿ ಹೇಳಿಬಿಡುತ್ತೇವೆ. 2001ರಿಂದ 64 ತಂಡ. ಪ್ರಾದೇಶಿಕ ಕಾನ್ಫರೆನ್ಸ್ ಗೆದ್ದವರಿಗೆ ನೇರ ಪ್ರವೇಶ, ಉಳಿದವರನ್ನು ಸಮಿತಿ ಆರಿಸುತ್ತದೆ. ಸಮಿತಿಯ ಮುಂದೆ ವರ್ಷಗಟ್ಟಲೆ ಇದ್ದ ಆರ್‌ಪಿಐ ಎಂಬ ಅಳತೆಯಲ್ಲಿ ತಂಡದ ಸ್ವಂತ ಗೆಲುವಿಗೆ ಕಾಲು ಭಾಗ ಮಾತ್ರ ತೂಕ. ಎದುರಾಳಿಗಳ ಗೆಲುವಿಗೆ ಅರ್ಧ, ಎದುರಾಳಿಗಳ ಎದುರಾಳಿಗಳಿಗೆ ಕಾಲು. ದುರ್ಬಲರನ್ನೇ ಹುಡುಕಿ ಸೋಲಿಸಿದ ತಂಡ ನವೆಂಬರ್‌ನಲ್ಲಿ ಮನೆಯಲ್ಲಿ ಉಳಿಯುವುದು ಇದರಿಂದಲೇ. ಕಪ್‌ಗೆ ಆರು ಗೆಲುವು ಬೇಕು. ಎರಡನೇ ಮತ್ತು ಮೂರನೇ ಸುತ್ತು ಒಂದೇ ವಾರಾಂತ್ಯದಲ್ಲಿ ಬರುವುದರಿಂದ, 13–14 ಜನರನ್ನೇ ನಂಬಿದ ತಂಡಗಳ ಕಾಲು ಅಲ್ಲಿ ಸೋಲುತ್ತದೆ.

ಈಗ ನಿಮ್ಮ ಮಗಳ ವಿಷಯ. ದಾರಿ ಇದೆ, ಆದರೆ ಮೊದಲ ತಿರುವು ಮೈದಾನದಲ್ಲಿಲ್ಲ, ಪಿಯು ಅರ್ಜಿಯಲ್ಲಿದೆ. ಡಿವಿಷನ್ ಒಂದಕ್ಕೆ 9ರಿಂದ 12ನೇ ತರಗತಿಯೊಳಗೆ 16 ಮುಖ್ಯ ವಿಷಯ-ವರ್ಷ (ಒಂದು ವಿಷಯವನ್ನು ಒಂದು ವರ್ಷ ಓದಿದರೆ ಒಂದು) ಬೇಕು: ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಸಮಾಜ ವಿಜ್ಞಾನ 2, ಈ ಮೊದಲ ಮೂರರಲ್ಲಿ ಯಾವುದಾದರೂ ಇನ್ನೊಂದು, ಮೇಲೆ 4 ಇತರ ಮಾನ್ಯ ವಿಷಯ. ಅವುಗಳಲ್ಲಿ ಜಿಪಿಎ (4ರ ಅಳತೆಯ ಸರಾಸರಿ ಶ್ರೇಣಿ) ಕನಿಷ್ಠ 2.3. ವಿಜ್ಞಾನ, ಸಮಾಜ ವಿಜ್ಞಾನದ ಎರಡೆರಡು ವರ್ಷ ಪ್ರೌಢಶಾಲೆಯಲ್ಲೇ ಸಿಗುತ್ತವೆ. ಗಣಿತ ಮಾತ್ರ 9, 10 ಸೇರಿ ಎರಡೇ ವರ್ಷ. ಪಿಯುನಲ್ಲಿ ಗಣಿತ ಬಿಟ್ಟರೆ ಮೂರನೆಯದು ಖಾಲಿ. ಕಾಮರ್ಸ್ ಆದರೂ ಸರಿ, ಗಣಿತ ಇರುವ ಕಾಂಬಿನೇಷನ್ನೇ ತೆಗೆದುಕೊಳ್ಳಲಿ.

ಕ್ಲಬ್‌ಗೆ ಆಡುತ್ತಿದ್ದರೆ, ಸಹಿ ಹಾಕಿದ ಪ್ರತಿ ಕಾಗದದ ಪ್ರತಿ ಇಟ್ಟುಕೊಳ್ಳಿ. ಪ್ರಯಾಣ, ಊಟ, ವಸತಿಯ ನಿಜ ಖರ್ಚಿಗಿಂತ ಹೆಚ್ಚು ಹಣ ಪಡೆದಿದ್ದರೆ ಅರ್ಹತೆಗೆ ತೊಡಕಾಗುತ್ತದೆ. ಹತ್ತನೇ ತರಗತಿ ಮುಗಿದ ಜೂನ್ 15ರಿಂದ ಡಿವಿಷನ್ ಒಂದರ ಕೋಚ್‌ಗಳು ಆಟಗಾರ್ತಿಗೆ ನೇರವಾಗಿ ಬರೆಯಬಹುದು. ಅದಕ್ಕೆ ಮೊದಲೇ ವಿಡಿಯೊ ಸಿದ್ಧವಿರಲಿ. ಬಹುಪಾಲು ಮಂದಿ ಬರೀ ಗೋಲುಗಳನ್ನು ಪೋಣಿಸಿ ಕಳಿಸುತ್ತಾರೆ. ಕೋಚ್‌ಗೆ ಬೇಕಾದದ್ದು ಚೆಂಡು ಬರುವ ಮೊದಲು ಆಕೆ ಎರಡೂ ಹೆಗಲ ಮೇಲಿಂದ ತಿರುಗಿ ನೋಡಿದಳೇ, ಚೆಂಡು ಕಳೆದುಕೊಂಡ ಮುಂದಿನ ಮೂರ್ನಾಲ್ಕು ಸೆಕೆಂಡಲ್ಲಿ ಏನು ಮಾಡಿದಳು ಎಂಬುದು. ನಾಲ್ಕೈದು ನಿಮಿಷದ ತುಣುಕಿನ ಜತೆ ಗಟ್ಟಿ ಎದುರಾಳಿಯ ವಿರುದ್ಧದ ಒಂದು ಪೂರ್ತಿ ಪಂದ್ಯ ಕಳಿಸಿ. ಕ್ಯಾಮೆರಾ ಎತ್ತರದಲ್ಲಿರಲಿ, ಮೈದಾನದ ಅರ್ಧವಾದರೂ ಚೌಕಟ್ಟಿನಲ್ಲಿ ಕಾಣಲಿ, ಜೆರ್ಸಿ ಸಂಖ್ಯೆ ಮೊದಲ ದೃಶ್ಯದಲ್ಲೇ ಬರೆದಿರಲಿ.